ಹಳೆ ಬಸ್ ಸ್ಟ್ಯಾಂಡ್ ಹತ್ತಿರದ ಜವಳಿ ಅಂಗಡಿ: ಸೀರೆಗೆ ಐದಕ್ಕೆ ಐದು, ಶರ್ಟಿಗೆ ಎರಡೂವರೆ

ಕಾಸರಗೋಡು ಪೇಟೆಯಲ್ಲಿ ಜವಳಿ ತೆಗೆಯಬೇಕಾದರೆ ಬದಿಯಡ್ಕದ ನಾವು ಎಂಟು ವರ್ಷದಿಂದ ಹೋಗುವುದು ಇದೇ ಅಂಗಡಿಗೆ. ಕಳೆದ ವಾರ ತಂಗಿಯ ಮದುವೆಗೆ ಅಂತ ಹೋಗಿದ್ದೆವು. ಮೆಟ್ಟಿಲು ಹತ್ತುವಾಗಲೇ ಸೀರೆ ಸೆಕ್ಷನಿನ ಅಕ್ಕ, "ಅಮ್ಮನಿಗೆ ಹಸಿರು ಬೇಡ ಅಲ್ವಾ, ಹೋದ ಸಲ ತಕ್ಕೊಂಡಿದ್ದೀರಿ" ಅಂದರು. ಹೋದ ಸಲ ಅಂದರೆ ಮೂರು ವರ್ಷದ ಹಿಂದೆ!

ಮೇಲೆ ಯಾವಾಗ ಹೋದರೂ ಅದೇ ನಾಲ್ಕು ಮುಖ. ಕೆಳಗೆ ಶರ್ಟು ಪ್ಯಾಂಟಿನ ಕಡೆ ಮಾತ್ರ ಪ್ರತಿ ಸಲ ಹೊಸ ಹುಡುಗರು. ಯಾಕೆ ಅಂತ ಸೀರೆ ಸೆಕ್ಷನಿನ ಅಕ್ಕನನ್ನೇ ಕೇಳಿದೆ. "ಹುಡುಗರು ಗಲ್ಫ್ ವೀಸಾ ಬಂದ ದಿನ ಹೋಗುತ್ತಾರೆ, ನಾವು ಲಾಸ್ಟ್ ಬಸ್ಸು ತಪ್ಪಿದ ದಿನ ಬಿಡುತ್ತೇವೆ" ಅಂತ ನಕ್ಕರು. ಅವರು ಮೊದಲು ಇದ್ದ ಅಂಗಡಿಯಲ್ಲಿ (ಹೆಸರು ಬೇಡ) ಬೆಳಗ್ಗಿನಿಂದ ರಾತ್ರಿವರೆಗೆ ನಿಂತೇ ಇರಬೇಕಿತ್ತಂತೆ, ಟಾಯ್ಲೆಟ್ಟಿಗೆ ಪಕ್ಕದ ಹೋಟೆಲಿಗೆ ಹೋಗಬೇಕು ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರಂತೆ. ಒಂದೂವರೆ ವರ್ಷಕ್ಕೆ ಬಿಟ್ಟರು. "ಹೆಂಗಸರು ಮದುವೆ ಆದ ಮೇಲೆ ನಿಲ್ಲುವುದಿಲ್ಲ" ಅಂದರಂತೆ ಅಲ್ಲಿಯ ಧಣಿ. ಇವರಿಗೆ ಮದುವೆಯಾಗಿ ಆಗಲೇ ಆರು ವರ್ಷ.

ಇಲ್ಲಿ ಕೌಂಟರಿನ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಸ್ಟೂಲು. ಒಂದರ ಮೇಲೆ ಉಳಿದ ಬ್ಲೌಸ್ ಪೀಸ್ ಸೇರಿಸಿ ಹೊಲಿದ ಪುಟ್ಟ ದಿಂಬು. ಗಿರಾಕಿ ಇಲ್ಲದಾಗ ಕೂರುತ್ತಾರೆ, ಯಾರೂ ಗದರುವುದಿಲ್ಲ. ಇದಕ್ಕೆ ಧಣಿಯನ್ನು ಜಾಸ್ತಿ ಹೊಗಳಬೇಕಾಗಿಲ್ಲ, ಕೇರಳದಲ್ಲಿ 2018ರಿಂದ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಿನಲ್ಲೇ ಇದೆ, ಅದೂ ಸುಮ್ನೆ ಬಂದದ್ದಲ್ಲ, ಕಲ್ಲಿಕೋಟೆಯ ಅಂಗಡಿ ಹೆಂಗಸರು ವಿಜಿ ಅವರ ಪೆಣ್‌ಕೂಟ್ಟು ಸಂಘಟನೆಯ ಜೊತೆ ವರ್ಷಗಟ್ಟಲೆ ಹೋರಾಡಿದ್ದಕ್ಕೆ ಬಂದದ್ದು. ಸಂಜೆ ದೂರದವರನ್ನು ಬಸ್ಸಿನ ಹೊತ್ತಿಗೆ ಬಿಡುತ್ತಾರೆ, ಅದು ಮಾತ್ರ ಧಣಿಯ ಒಳ್ಳೆಯತನ. 26 ವಾರದ ಹೆರಿಗೆ ರಜೆ ಮುಗಿಸಿ ಒಬ್ಬರು ವಾಪಸ್ಸು ಬಂದು ಮೊದಲಿನ ಜಾಗದಲ್ಲೇ ನಿಂತಿದ್ದಾರೆ.

ಇನ್ನು ದೂರು. ಆಫರಿನ ಬೋರ್ಡೆಲ್ಲ ಮಲಯಾಳದಲ್ಲಿ, ಅಮ್ಮನಿಗೆ ಓದಲು ಬರುವುದಿಲ್ಲ. ಪಾರ್ಕಿಂಗ್ ಇಲ್ಲ. ಬಿಲ್ಲಿನಲ್ಲಿ ಕೂತ ಹೊಸ ಹುಡುಗ ಒಂದು ಸೀರೆಯನ್ನು ಎರಡು ಸಲ ಹೊಡೆದು ಅರ್ಧ ಗಂಟೆ ಕಾಯಿಸಿದ.

ಸೀರೆಗೆ ಕಣ್ಣು ಮುಚ್ಚಿ ಹೋಗಿ. ಶರ್ಟಿಗೆ ಹೋಗುವುದಾದರೆ ನಿಮ್ಮ ಅಳತೆ ನೀವೇ ನೆನಪಿಟ್ಟುಕೊಂಡು ಹೋಗಿ.