ಜಾನ್ ವೂ ಸಿನಿಮಾ: ಮೂರರಲ್ಲಿ ಯಾವುದು ಮೊದಲು?

ಹಾಂಕಾಂಗ್‌ನ ನಿರ್ದೇಶಕ ಜಾನ್ ವೂ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಆ್ಯಕ್ಷನ್ ಪ್ರಿಯರು ‘ಹಾರ್ಡ್ ಬಾಯಿಲ್ಡ್’ (1992) ಕಡೆ ಕೈ ತೋರಿಸುತ್ತಾರೆ. ನಾನು ‘ಎ ಬೆಟರ್ ಟುಮಾರೊ’ (1986) ಅನ್ನುತ್ತೇನೆ. ನಡುವೆ ‘ದಿ ಕಿಲ್ಲರ್’ (1989) ಇದೆ. ಮೂರರಲ್ಲೂ ನಟ ಚೌ ಯುನ್-ಫ್ಯಾಟ್ ಇದ್ದಾರೆ, ಎರಡು ಕೈಗೆ ಎರಡು ಪಿಸ್ತೂಲು, ಬೇಕಾದಷ್ಟು ಸ್ಲೋ ಮೋಷನ್. ಬೆನ್ನುಬೆನ್ನಿಗೆ ನೋಡಿದಾಗ ಮಾತ್ರ ಮೂರೂ ಬೇರೆ ಬೇರೆ ಜಾತಿಯವು ಅನ್ನಿಸಿತು.

ಗುಂಡಿನ ಕಾಳಗವೇ ಬೇಕು ಅಂದ್ರೆ ಹಾರ್ಡ್ ಬಾಯಿಲ್ಡ್ ಮುಂದೆ ಉಳಿದೆರಡು ನಿಲ್ಲುವುದಿಲ್ಲ. ಕೊನೆಯ ಆಸ್ಪತ್ರೆ ಭಾಗದಲ್ಲಿ ಒಂದು ಶಾಟ್ ಎರಡೂವರೆ ನಿಮಿಷಕ್ಕೂ ಜಾಸ್ತಿ ಕಟ್ ಇಲ್ಲದೆ ಓಡುತ್ತದೆ. ಮಧ್ಯೆ ಇಬ್ಬರು ಪೊಲೀಸರು ಲಿಫ್ಟ್ ಹತ್ತುತ್ತಾರೆ. ಬಾಗಿಲು ಮುಚ್ಚಿದ ಆ ಕೆಲವೇ ಸೆಕೆಂಡುಗಳಲ್ಲಿ ಹೊರಗೆ ಅದೇ ಸೆಟ್ಟನ್ನು ಗುಡಿಸಿ, ಇನ್ನೊಂದು ಮಹಡಿಯಂತೆ ಸಜ್ಜು ಮಾಡಿದ್ದರಂತೆ! ಆದರೆ ಸಾಯುವವರು ಎಷ್ಟು ಜನ ಅಂದ್ರೆ, ಸ್ವಲ್ಪ ಹೊತ್ತಿಗೆ ಯಾರು ಬಿದ್ದರೂ ನನಗೆ ಏನೂ ಅನ್ನಿಸಲಿಲ್ಲ. ಕೊಂದ ಪ್ರತಿಯೊಬ್ಬನಿಗೂ ಒಂದು ಕಾಗದದ ಕೊಕ್ಕರೆ ಮಡಚುವ ಟೋನಿ ಲಿಯಂಗ್ ಪಾತ್ರ ಒಂದೇ ಮನಸ್ಸಲ್ಲಿ ಉಳಿಯಿತು.

ದಿ ಕಿಲ್ಲರ್ ನೋಡಲು ಚೆಂದ. ಚರ್ಚು, ಮೇಣದಬತ್ತಿ, ಬಿಳಿ ಪಾರಿವಾಳ. ಫ್ರೆಂಚ್ ನಿರ್ದೇಶಕ ಮೆಲ್ವಿಲ್ ಋಣ ಎದ್ದು ಕಾಣುತ್ತದೆ. ತನ್ನಿಂದ ಕಣ್ಣು ಕಳೆದುಕೊಂಡ ಗಾಯಕಿಯ ಆಪರೇಷನ್‌ಗೆ ದುಡ್ಡು ಹೊಂದಿಸಲು ಕೊಲೆಗಾರ ಕೊನೆಯ ಸುಪಾರಿ ಒಪ್ಪುವ ಕಥೆ. ನಮ್ಮ ಹಳೇ ಕಣ್ಣೀರಿನ ಸಿನಿಮಾದವರೂ ಖುಷಿಯಾಗಿ ತೆಗೆಯುತ್ತಿದ್ದರು, ಅಲ್ವಾ? ಆದರೂ ಆ ಹುಡುಗಿಯ ಎದುರೇ ಪೊಲೀಸ್ ಮತ್ತು ಕೊಲೆಗಾರ ಒಬ್ಬರಿಗೊಬ್ಬರು ಪಿಸ್ತೂಲು ಹಿಡಿದು, ಬಾಯಲ್ಲಿ ಹಳೇ ಗೆಳೆಯರಂತೆ ಹರಟುವ ದೃಶ್ಯಕ್ಕಾಗಿ ಎಲ್ಲವನ್ನೂ ಕ್ಷಮಿಸಬಹುದು.

ಎ ಬೆಟರ್ ಟುಮಾರೊದಲ್ಲಿ ಗುಂಡು ಕಮ್ಮಿ, ಮನಸ್ಸಿಗೆ ಬೀಳುವ ಪೆಟ್ಟು ಜಾಸ್ತಿ. ಅಣ್ಣ ಖೋಟಾನೋಟಿನ ಗ್ಯಾಂಗಿನವನು, ತಮ್ಮ ಪೊಲೀಸ್. ಅಣ್ಣನ ಗೆಳೆಯ ಮಾರ್ಕ್ ಉದ್ದ ಕೋಟು, ಕಪ್ಪು ಕನ್ನಡಕ ಹಾಕಿ, ಡಾಲರ್ ನೋಟಿನಿಂದ ಸಿಗರೇಟು ಹಚ್ಚುತ್ತಾನೆ. ರೆಸ್ಟೋರೆಂಟಿನ ಹೂಕುಂಡಗಳಲ್ಲಿ ಪಿಸ್ತೂಲು ಬಚ್ಚಿಟ್ಟು ಒಬ್ಬನೇ ಎಲ್ಲರನ್ನೂ ಮುಗಿಸುತ್ತಾನೆ. ಇಲ್ಲಿಯವರೆಗೆ ಬರೀ ಸ್ಟೈಲು. ಅಷ್ಟರಲ್ಲಿ ಕಾಲಿಗೆ ಗುಂಡು ಬೀಳುತ್ತದೆ. ಮುಂದೆ ನೋಡಿದರೆ ಅದೇ ಮನುಷ್ಯ ಕುಂಟುತ್ತಾ ಹೊಸ ಬಾಸ್‌ನ ಕಾರಿನ ಗಾಜು ಒರೆಸುತ್ತಿದ್ದಾನೆ, ಗ್ಯಾರೇಜಿನಲ್ಲಿ ಕೂತು ಪೊಟ್ಟಣದ ಊಟ ಮಾಡುತ್ತಿದ್ದಾನೆ. ಉಳಿದೆರಡರಲ್ಲಿ ಗುಂಡಿನ ಬೆಲೆ ಇಷ್ಟು ಹೊತ್ತು ಕಣ್ಣೆದುರು ನಿಲ್ಲುವುದಿಲ್ಲ. ಹಿನ್ನೆಲೆ ಸಂಗೀತ ಈಗ ಕೇಳಿದರೆ ಹಳತು, ಕೆಲವು ಹಾಸ್ಯವಂತೂ ಸುಮ್ನೆ ಕಿರಿಕಿರಿ. ಅದಿರಲಿ.

ಯಾವುದನ್ನೇ ನೋಡಿ, ಮೂಲ ಭಾಷೆಯಾದ ಕ್ಯಾಂಟೊನೀಸ್ ಧ್ವನಿ ಇಟ್ಟುಕೊಂಡು ಸಬ್‌ಟೈಟಲ್ ಹಾಕಿಕೊಳ್ಳಿ. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಅಳುವ ಜಾಗದಲ್ಲಿ ನಗು ಬರುತ್ತದೆ. 2024ರಲ್ಲಿ ವೂ ತಾವೇ ದಿ ಕಿಲ್ಲರ್ ಅನ್ನು ಪ್ಯಾರಿಸ್‌ನಲ್ಲಿ, ನಥಾಲಿ ಇಮ್ಯಾನುಯೆಲ್ ಅವರನ್ನು ಕೊಲೆಗಾರ್ತಿ ಮಾಡಿ ಮತ್ತೆ ತೆಗೆದರು. ಅದು ಮಾತ್ರ ಈ ಪಂದ್ಯಕ್ಕೇ ಇಲ್ಲ.