ಏರಿಯಾ ವಾಟ್ಸಾಪ್ ಗುಂಪಿಗೆ ಗೊತ್ತಿಲ್ಲದವರನ್ನು ಅಡ್ಮಿನ್ ಮಾಡಬೇಡಿ. ನಮಗೆ ಆಗಿದ್ದು ಓದಿ

ದಾವಣಗೆರೆ ನಿಟುವಳ್ಳಿ ಕಡೆಯವರು ದಯವಿಟ್ಟು ಪೂರ್ತಿ ಓದಿ. ಬೇರೆ ಊರಿನವರೂ ಓದಿ. ಯಾಕಂದ್ರೆ ಚಿತ್ರದುರ್ಗದಲ್ಲಿರುವ ನನ್ನ ತಂಗಿಯ ಬಡಾವಣೆ ಗುಂಪಿಗೂ ನಾನು ಕೆಳಗೆ ಹೇಳುವ ವೋಟಿನ ಸುಳ್ಳು ಮೆಸೇಜೇ ಬಂದಿತ್ತು. ಬಡಾವಣೆ ಹೆಸರು ಮಾತ್ರ ಬೇರೆ.

ನಮ್ಮದು ನೀರಿನ ಗುಂಪು. ದಾವಣಗೆರೆಯವರಿಗೆ ಅದೇನು ಅಂತ ಹೇಳಬೇಕಿಲ್ಲ. ಇವತ್ತು ನಲ್ಲಿ ಬರುತ್ತಾ, ಯಾವ ಕ್ರಾಸಿಗೆ ಮೊದಲು ಬಿಟ್ಟರು, ಅಷ್ಟೇ ಮಾತು. 2024ರ ಬೇಸಿಗೆ ಶುರುವಾಗುವ ಹೊತ್ತಿಗೆ ಒಬ್ಬ ಹುಡುಗ ಬಂದ. ನಮ್ಮ ಸಾಲಿನ ಒಬ್ಬರಿಗೆ ಪರಿಚಯದವನಂತೆ. ಒಂದು ಪಕ್ಷದ "ಸೋಶಿಯಲ್ ಮೀಡಿಯಾ ಕೆಲಸ" ನೋಡ್ಕೋತೀನಿ ಅಂದ. ಯಾವ ಪಕ್ಷ ಅಂತ ಬರೆಯೋದಿಲ್ಲ, ಬರೆದರೆ ಕಮೆಂಟಲ್ಲಿ ಅದೇ ಜಗಳ ಆಗುತ್ತೆ. "ಅಕ್ಕಾ, ವಾಲ್ವ್‌ಮನ್ ನನಗೆ ಗೊತ್ತು. ನೀರು ಬಿಡೋ ಟೈಮ್ ಮೊದಲೇ ಹಾಕ್ತೀನಿ. ಟ್ಯಾಂಕರ್ ಬೇಕಂದ್ರೂ ಹೇಳಿ" ಅಂದ. ಒಂದು ಟ್ಯಾಂಕರ್ ಕಳಿಸಿಯೂ ಕೊಟ್ಟ. ನನ್ನ ಜೊತೆ ಅವನೂ ಅಡ್ಮಿನ್ ಆದ. ಆಮೇಲೆ "ಗುಡ್ ಮಾರ್ನಿಂಗ್ ಕಾಟ ತಪ್ಪುತ್ತೆ ಅಕ್ಕಾ" ಅಂತ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಿದ. ಎಲ್ಲರೂ ಖುಷಿಯಾದರು.

ಯುಗಾದಿಗೂ ಮುಂಚೆ ಆ ಮೆಸೇಜ್ ಬಂತು. "ನಮ್ಮ ನಿಟುವಳ್ಳಿ ಬಂಧುಗಳ ಗಮನಕ್ಕೆ" ಅಂತ ಶುರು. ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ಚಿಂತೆ ಬೇಡ, ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ "ಚಾಲೆಂಜ್ ವೋಟ್" ಕೇಳಿ ಹಾಕಬಹುದು. ನಿಮ್ಮ ವೋಟು ಬೇರೆಯವರು ಹಾಕಿದ್ದರೆ "ಟೆಂಡರ್ ವೋಟ್" ಕೇಳಿ. ಒಂದು ಬೂತಲ್ಲಿ ಶೇ. 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಅಲ್ಲಿ ಮರುಮತದಾನ. ಫಾರ್ವರ್ಡ್ ಆದ ಮೆಸೇಜಿಗೆ ಮೇಲೆ ಬಾಣದ ಗುರುತು ಬರುತ್ತಲ್ಲ, ಇದಕ್ಕೆ ಅದೂ ಇರಲಿಲ್ಲ. ಕಾಪಿ ಮಾಡಿ ಅಂಟಿಸಿದರೆ ಬರೋದಿಲ್ಲ. ಹಾಗಾಗಿ ನಮ್ಮವನೇ ಕೂತು ಬರೆದ ಹಾಗಿತ್ತು.

ನಮ್ಮ ಸಾಲಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕ ಇದ್ದಾರೆ. ಬಾಡಿಗೆ ಮನೆ ಬದಲಿಸಿದ ಮೇಲೆ ಅವರ ಹೆಸರು ಪಟ್ಟಿಯಿಂದ ಹೋಗಿತ್ತು. ಹೆಸರು ಸೇರಿಸೋ ಫಾರಂ 6 ತುಂಬಿ ಕೊಡೋಕೆ ಆಗ ಇನ್ನೂ ಟೈಮ್ ಇತ್ತು. ಮೆಸೇಜ್ ನೋಡಿ "ಹಂಗಾದ್ರೆ ಅಲೆಯೋದ್ಯಾಕೆ" ಅಂತ ಬಿಟ್ಟರು.

ಮೇ 7, ಲೋಕಸಭೆ ಮತದಾನದ ದಿನ. ಬೂತ್ ಒಳಗೆ ಮೊಬೈಲ್ ಬಿಡಲ್ಲ ಅಂತ ಗಿರಣಿ ಅಕ್ಕ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂದೆ ದಪ್ಪ ಅಕ್ಷರದಲ್ಲಿ "49ಎ, ಚಾಲೆಂಜ್" ಅಂತ ಬರೆದುಕೊಂಡು ಬಂದಿದ್ದರು. ಸರತಿಯಲ್ಲಿ ನಾನು ಅವರ ಹಿಂದೇ ಇದ್ದೆ. ಅಧಿಕಾರಿ ಪಟ್ಟಿ ನೋಡಿದರು, ಇನ್ನೊಮ್ಮೆ ನೋಡಿದರು. "ಹೆಸರಿಲ್ಲಮ್ಮ." ಅಕ್ಕ ಹಾಳೆ ಮುಂದೆ ಹಿಡಿದರು. ಆತ ಓದಿ, ಪಕ್ಕದವರಿಗೆ ತೋರಿಸಿ, ಇಬ್ಬರೂ ನಕ್ಕರು. ಬೂತಲ್ಲಿ ಕೂತಿದ್ದ ಪಕ್ಷಗಳ ಏಜೆಂಟರೂ ನಕ್ಕರು. ಅಕ್ಕ ಹಾಳೆ ನಾಲ್ಕು ಮಡಿಕೆ ಮಾಡಿ ಸೆರಗಿಗೆ ಸಿಕ್ಕಿಸಿಕೊಂಡು ಹೊರಗೆ ಹೋದರು. ನಂಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಆ ಗುಂಪಿಗೆ ಅವರನ್ನು ಸೇರಿಸಿದ್ದು ನಾನೇ ಅಲ್ವಾ.

ಚುನಾವಣೆ ಡ್ಯೂಟಿ ಮಾಡಿರುವ ನಮ್ಮ ಭಾವ ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದರು. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ವೋಟಿಲ್ಲ, ಆಧಾರ್ ಇರಲಿ ಏನೇ ಇರಲಿ. 49ಎ ಅನ್ನೋದು 1961ರ ಚುನಾವಣಾ ನಿಯಮಗಳಲ್ಲಿ ಮತಯಂತ್ರ ಹೇಗಿರಬೇಕು ಅಂತ ಹೇಳುವ ನಿಯಮ! ಚಾಲೆಂಜ್ ಮಾಡುವುದು ಮತದಾರರಲ್ಲ, ಏಜೆಂಟರು. "ಇವರು ಆ ವ್ಯಕ್ತಿ ಅಲ್ಲ" ಅಂತ 2 ರೂಪಾಯಿ ಕಟ್ಟಿ ತಕರಾರು ಎತ್ತುವುದು ಅದು. ಟೆಂಡರ್ ವೋಟ್ ನಿಜ, 49ಪಿ. ಆದರೆ ಪಟ್ಟಿಯಲ್ಲಿ ಹೆಸರಿದ್ದು, ಬೇರೆಯವರು ಮೊದಲೇ ಹಾಕಿಬಿಟ್ಟಿದ್ದರೆ ಮಾತ್ರ, ಅದೂ ಕಾಗದದ ಮತಪತ್ರದಲ್ಲಿ. ಶೇ. 14 ಮರುಮತದಾನ ಅನ್ನೋ ನಿಯಮವೇ ಇಲ್ಲ. 2019ರ ಚುನಾವಣೆಯಲ್ಲೂ ಓಡಾಡಿದ್ದ ಹಳೇ ಸುಳ್ಳು ಇದು. ಧೂಳು ಒರೆಸಿ ನಮಗೆ ಕೊಟ್ಟಿದ್ದಾನೆ.

ಮನೆಗೆ ಬಂದವಳೇ ಗುಂಪಲ್ಲಿ "ಇದು ಸುಳ್ಳು, ನಂಬಬೇಡಿ" ಅಂತ ಹಾಕಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಮೆಸೇಜ್ ಇಲ್ಲ. ಅಡ್ಮಿನ್ ಡಿಲೀಟ್ ಮಾಡಿದ್ದಾರೆ ಅಂತ ಬರ್ತಿದೆ! ನನ್ನ ಗುಂಪಲ್ಲಿ! ಫೋನ್ ಮಾಡಿದೆ.

"ಮೇಡಂ, ನಾನು ಬರೆದಿದ್ದಲ್ಲ ಅದು. ಮೇಲಿಂದ ಬಂತು, ಹಾಕಿದೆ." ಅಕ್ಕ ಹೋಗಿ ಮೇಡಂ ಆಗಿದ್ದೆ.

ಮತ್ತೆ ನನ್ನ ಮೆಸೇಜ್ ಯಾಕೆ ತೆಗೆದೆ ಅಂದ್ರೆ, "ಜನಕ್ಕೆ ಗೊಂದಲ ಆಗುತ್ತೆ ಅಂತ."

ಆ ಅಕ್ಕನ ವೋಟು ಹೋಯ್ತಲ್ಲಪ್ಪಾ ಅಂದೆ. "ಒಂದ್ ವೋಟಿಂದ ಏನಾಗುತ್ತೆ ಬಿಡಿ ಮೇಡಂ." ಇದು ಹೇಳಿದವನು ಯಾರು? ಮನೆಮನೆಗೆ ಹೋಗಿ ಒಂದೊಂದು ವೋಟೂ ಮುಖ್ಯ ಅಂದವನು!

ಇನ್ನೂ ಹೊಟ್ಟೆ ಉರಿಸಿದ್ದು ಸಂಜೆ. ಗುಂಪಿಗೆ ಬಂದ ಮೆಸೇಜ್: "ನಮ್ಮ ಜನರಿಗೆ ಬೇಕಂತಲೇ ವೋಟ್ ಹಾಕಲು ಬಿಡಲಿಲ್ಲ, ಅಧಿಕಾರಿಗಳು ಮಾರಾಟವಾಗಿದ್ದಾರೆ." ನೋಡಿ ಈ ಆಟ. ಮೊದಲು ಸುಳ್ಳು ಹೇಳಿ ಬೂತಿಗೆ ಕಳಿಸೋದು, ಅಲ್ಲಿಂದ ವಾಪಸ್ ಬಂದವರ ಸಿಟ್ಟನ್ನು ತನ್ನ ಪ್ರಚಾರಕ್ಕೆ ಬಳಸೋದು. ಬೈಸಿಕೊಂಡವರು ಯಾರು? ಅಧಿಕಾರಿಗಳು, ಮನೆಗೆ ಬಂದು ಪಟ್ಟಿ ಮಾಡಿದ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಟೀಚರ್. ಮೆಸೇಜ್ ಹಾಕಿದವನನ್ನು ಒಬ್ಬರೂ ಕೇಳಲಿಲ್ಲ. ಗಿರಣಿ ಅಕ್ಕನೂ ಇವತ್ತಿಗೂ "ಬೇಕಂತಲೇ ನನ್ ಹೆಸರು ತೆಗೆದಿದ್ದಾರೆ" ಅಂತಾರೆ. ಎಷ್ಟು ಹೇಳಿದರೂ ಕೇಳಲ್ಲ. ಮುಂದಿನ ಸಲ ವೋಟಿಗೇ ಹೋಗಲ್ಲ ಅಂತಿದ್ದಾರೆ. ನಂಗೆ ಇದೇ ಜಾಸ್ತಿ ಸಂಕಟ.

ಅವನನ್ನು ಗುಂಪಿಂದ ತೆಗೆದೆ. ಏನು ಪ್ರಯೋಜನ? ನಮ್ಮೆಲ್ಲರ ನಂಬರ್ ಅಷ್ಟೊತ್ತಿಗೆ ಅವನ ಹತ್ತಿರ ಇತ್ತು. ಮಾರನೇ ದಿನವೇ ಹೊಸ ಗುಂಪು ಮಾಡಿ ಎಲ್ಲರನ್ನೂ ಎಳೆದುಕೊಂಡ.

ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ನೋಡೋಕೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಬಿಎಲ್‌ಒ ಕೇಳಿ. ಹೆಸರಿಲ್ಲ ಅಂದ್ರೆ ಫಾರಂ 6, ಅದೂ ಚುನಾವಣೆ ಘೋಷಣೆ ಆಗೋ ತನಕ ಕಾಯಬೇಡಿ. ವಾಟ್ಸಾಪಲ್ಲಿ ಪ್ರೈವೆಸಿ ಒಳಗೆ ಹೋಗಿ, ಯಾರು ಬೇಕಾದರೂ ಗುಂಪಿಗೆ ಸೇರಿಸೋದನ್ನು ಬಂದ್ ಮಾಡಿ. ಪುಕ್ಕಟೆ ಟ್ಯಾಂಕರ್ ಕಳಿಸುವವನಿಗೆ ಥ್ಯಾಂಕ್ಸ್ ಹೇಳಿ, ಅಡ್ಮಿನ್ ಮಾಡಬೇಡಿ.

ಅವನ ಹೊಸ ಗುಂಪಿಗೆ ಈಗ ಆರೋಗ್ಯ ಮಾಹಿತಿ ಅಂತ ಹೆಸರು. ಡಿಪಿಯಲ್ಲಿ ತುಳಸಿ ಗಿಡ ಇದೆ. ಪಾಲಿಕೆ ಚುನಾವಣೆ ಹತ್ತಿರ ಬಂದಾಗ ಹೆಸರು ಮತ್ತೆ ಬದಲಾಗುತ್ತೆ. ಅದರಲ್ಲಿ ಇರುವವರು ಇವತ್ತೇ ಎಕ್ಸಿಟ್ ಆಗಿ.