ಹಳೆಯ ಮರ್ಕ್ಯುರಿ ಟೂ-ಸ್ಟ್ರೋಕ್‌ಗೆ ಬದಲಿ ರೆಗ್ಯುಲೇಟರ್: ಕೊಳ್ಳುವ ಮುನ್ನ ಮೀಟರ್ ಹಿಡಿಯಿರಿ

ಹಳೆಯ ಮರ್ಕ್ಯುರಿ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೆಂದು (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್) ಬೇರೆ ತಯಾರಕರು ಮಾಡುವ 16 ಆಂಪಿಯರ್‌ನ ರೆಗ್ಯುಲೇಟರ್-ರೆಕ್ಟಿಫೈಯರ್, ಅಂದರೆ ಬ್ಯಾಟರಿಗೆ ಹೋಗುವ ಚಾರ್ಜನ್ನು ಅಂಕೆಯಲ್ಲಿಡುವ ಘಟಕ, ಕೆಲಸಕ್ಕೆ ಬರುವ ವಸ್ತುವೇ. 15, 16 ವೋಲ್ಟ್ ದಾಟುತ್ತಿದ್ದ ಚಾರ್ಜಿಂಗನ್ನು 14.5ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಆದರೆ ವೋಲ್ಟೇಜ್ ಏರಿತೆಂದ ಕೂಡಲೇ ಇದನ್ನು ತಂದು ಜೋಡಿಸುವವರು ಬಹಳ. ಎಷ್ಟೋ ಇಂಜಿನ್‌ಗಳಲ್ಲಿ ಹಳೆಯ ರೆಗ್ಯುಲೇಟರ್ ಚೆನ್ನಾಗಿಯೇ ಇದ್ದು, ತೊಂದರೆ ತಂತಿಯಲ್ಲೋ ಬ್ಯಾಟರಿಯ ಆಯ್ಕೆಯಲ್ಲೋ ಇರುತ್ತದೆ. ಇದು ಬ್ಯಾಟರಿಯಿಂದ ಸ್ಟಾರ್ಟ್ ಆಗುವ ಇಂಜಿನ್‌ಗಳ ಮಾತು. ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳಲ್ಲಿ ಹಗ್ಗ ಎಳೆದು ಓಡಿಸುವ ಸೀಮೆಎಣ್ಣೆ ಇಂಜಿನ್‌ಗೆ ಈ ತಲೆನೋವಿಲ್ಲ.

ಮೊದಲು ಮೇಲಿನ ಮುಚ್ಚಳ ತೆಗೆದು ನಿಮ್ಮಲ್ಲಿರುವುದು ಯಾವ ವ್ಯವಸ್ಥೆ ಎಂದು ನೋಡಿ. 9 ಆಂಪಿಯರ್ ಸ್ಟೇಟರ್ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಸುರುಳಿ) ಇರುವ ಹಳೆಯ ಇಂಜಿನ್‌ಗಳಲ್ಲಿ ಇರುವುದು ಬರೀ ರೆಕ್ಟಿಫೈಯರ್. ಅದು ಎಸಿಯನ್ನು ಡಿಸಿ ಮಾಡುತ್ತದೆ, ಅಷ್ಟೇ. ವೋಲ್ಟೇಜನ್ನು ಅಂಕೆಯಲ್ಲಿಡುವ ಕೆಲಸ ಬ್ಯಾಟರಿಯದೇ. ಬ್ಯಾಟರಿ ತುಂಬಿದ ಮೇಲೂ ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ 15, 16 ವೋಲ್ಟ್ ಕಾಣುವುದು ಅದರ ಹುಟ್ಟುಗುಣ, ಏನೂ ಕೆಟ್ಟಿಲ್ಲ. ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವಂಥ ಆಸಿಡ್ ಬ್ಯಾಟರಿ ಇದನ್ನು ತಾಳಿಕೊಳ್ಳುತ್ತದೆ. ನೀರಿನ ಮಟ್ಟ ಆಗಾಗ ನೋಡುತ್ತಿದ್ದರಾಯಿತು. ಅದೇ ಜಾಗಕ್ಕೆ ಮೇಂಟೆನೆನ್ಸ್-ಫ್ರೀ ಅಥವಾ ಜೆಲ್ ಬ್ಯಾಟರಿ ಕೂರಿಸಿದರೆ ಒಳಗಿನ ನೀರು ಅನಿಲವಾಗಿ ಹೋಗುತ್ತದೆ, ಮತ್ತೆ ತುಂಬಲು ದಾರಿಯಿಲ್ಲ, ಪಕ್ಕೆಗಳು ಉಬ್ಬುತ್ತವೆ. ಮೀನು ಹುಡುಕುವ ಯಂತ್ರವೋ ವಿಎಚ್‌ಎಫ್ ರೇಡಿಯೋವೋ ತಾನಾಗಿ ಆಫ್ ಆಗುತ್ತಿದ್ದರೆ ಅದೂ ಈ ಏರಿದ ವೋಲ್ಟೇಜಿನ ಗುರುತಿರಬಹುದು. ಇಂಥ ಇಂಜಿನ್‌ಗೆ ಆಸಿಡ್ ಬ್ಯಾಟರಿ ಹಾಕುವುದು ಅಗ್ಗದ ದಾರಿ, ರೆಗ್ಯುಲೇಟರ್ ಸೇರಿಸುವುದು ಬಾಳಿಕೆಯ ದಾರಿ. ಎಲೆಕ್ಟ್ರಾನಿಕ್ ಉಪಕರಣ ಇರುವವರು ಎರಡನೆಯದನ್ನೇ ಹಿಡಿಯಲಿ.

ಇಂಜಿನ್‌ನಲ್ಲಿ ಆಗಲೇ ರೆಗ್ಯುಲೇಟರ್ ಇದ್ದೂ ವೋಲ್ಟೇಜ್ ಏರುತ್ತಿದ್ದರೆ ಅಳತೆಯಿಂದ ಶುರು ಮಾಡಿ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಮಲ್ಟಿಮೀಟರಿಗೆ ಹೊಸ ಸೆಲ್ ಹಾಕಿ. ಸೆಲ್ ಸೋತ ಮೀಟರ್ ನಿಜಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತದೆ. ಸ್ಪಾರ್ಕ್ ಪ್ಲಗ್ ವೈರುಗಳ ಹತ್ತಿರ ಹಿಡಿದರೆ ಇಗ್ನಿಷನ್ನಿನ ಗದ್ದಲಕ್ಕೆ ಅಂಕಿಗಳು ಕುಣಿಯುತ್ತವೆ. ಹಾಗಾಗಿ ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಅಳೆಯಿರಿ, ಲಗ್ಗಿನ (ತಂತಿಯ ತುದಿಗೆ ಒತ್ತಿದ ಲೋಹದ ಬಳೆ) ಮೇಲಲ್ಲ. ವಿಶ್ರಾಂತಿಯಲ್ಲಿರುವ ತುಂಬಿದ ಬ್ಯಾಟರಿ 12.6ರ ಸುತ್ತ ಇರಬೇಕು. 3000 ಆರ್‌ಪಿಎಂನಲ್ಲಿ 13.5ರಿಂದ 14.5ರವರೆಗೆ ಸರಿ. ಇದನ್ನು ದೋಣಿ ನೀರಿನಲ್ಲಿ ಓಡುತ್ತಿರುವಾಗಲೇ ನೋಡಬೇಕು. ದಡದಲ್ಲಿ ನೀರಿನ ಪೈಪ್ ಸಿಕ್ಕಿಸಿ, ಲೋಡ್ ಇಲ್ಲದೆ ಅಷ್ಟು ವೇಗಕ್ಕೆ ಏರಿಸುವುದು ಇಂಜಿನ್‌ಗೆ ಅಪಾಯ.

ಬ್ಯಾಟರಿಯ ಮೇಲೆಯೇ 15 ದಾಟಿದರೆ ಮುಂದಿನ ನೋಟ ಸೆನ್ಸ್ ತಂತಿಯ ಮೇಲೆ. 16 ಆಂಪಿಯರ್ ಘಟಕದಿಂದ ಎರಡು ಹಳದಿ, ಎರಡು ಕೆಂಪು, ಒಂದು ಬೂದು ತಂತಿ ಹೊರಡುತ್ತವೆ. ಹಳದಿಗಳು ಸ್ಟೇಟರಿಗೆ, ಬೂದು ಇಂಜಿನ್ ವೇಗ ತೋರಿಸುವ ಟ್ಯಾಕೋಮೀಟರಿಗೆ. ಕೆಂಪಿನಲ್ಲಿ ಒಂದು ಕರೆಂಟ್ ಒಯ್ಯುತ್ತದೆ, ಇನ್ನೊಂದು, ಅಂದರೆ ಸೆನ್ಸ್ ತಂತಿ, ಬ್ಯಾಟರಿಯ ವೋಲ್ಟೇಜ್ ಎಷ್ಟಿದೆ ಎಂದು ರೆಗ್ಯುಲೇಟರಿಗೆ ತಿಳಿಸುತ್ತದೆ. ಅದರ ಲಗ್ಗಿನಡಿ ಹಸಿರು ಕಿಲುಬು ಕೂತು 1 ವೋಲ್ಟ್ ಅಲ್ಲೇ ಕಳೆದುಹೋದರೆ, ಬ್ಯಾಟರಿಯಲ್ಲಿ 15.5 ಇದ್ದರೂ ರೆಗ್ಯುಲೇಟರಿಗೆ ಕಾಣುವುದು 14.5. ಅದು ತನ್ನ ಪಾಡಿಗೆ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಇಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೊನೆ ಕಿಲುಬಿನಿಂದಾಚೆ, ಸೆನ್ಸ್ ತಂತಿಯ ತಾಮ್ರಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಹೊಸ ಲಗ್ ಒತ್ತಿ, ಉಪ್ಪುಕಾಗದದಲ್ಲಿ ಬೋಲ್ಟು ಉಜ್ಜಿ, ಮತ್ತೆ ಅಳೆಯಿರಿ. ಖರ್ಚು ಅಲ್ಲಿಗೇ ಮುಗಿಯಬಹುದು. ಬ್ಯಾಟರಿ ಟರ್ಮಿನಲ್ಲಿನ ರೆಕ್ಕೆ ನಟ್ಟುಗಳನ್ನೂ ತೆಗೆದುಹಾಕಿ ಷಟ್ಕೋನದ ನಟ್ಟು ಹಾಕಿ; ರೆಕ್ಕೆ ನಟ್ಟು ಸಡಿಲವಾಗುತ್ತದೆಂದು ಮರ್ಕ್ಯುರಿಯೇ ಬೇಡ ಎಂದಿದೆ. ಓಡುವಾಗ ಬ್ಯಾಟರಿ ಸಂಪರ್ಕ ಒಮ್ಮೆ ತಪ್ಪಿದರೂ ರೆಗ್ಯುಲೇಟರ್ ಸುಡಬಹುದು.

ಇಷ್ಟಾದರೂ ವೋಲ್ಟೇಜ್ ಇಳಿಯದಿದ್ದರೆ ರೆಗ್ಯುಲೇಟರೇ ಹೋಗಿದೆ. ಹೊಸದನ್ನು ಜೋಡಿಸುವ ಮುನ್ನ ಹಳದಿ ತಂತಿಗಳನ್ನು ಬಿಡಿಸಿ, ಇಂಜಿನ್ ಬ್ಲಾಕಿಗೂ ಅವುಗಳಿಗೂ ಸಂಪರ್ಕ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಸ್ಟೇಟರಿನ ಸುರುಳಿ ಬ್ಲಾಕಿಗೆ ತಗುಲಿದ್ದರೆ ಹೊಸದೂ ಬಾಳುವುದಿಲ್ಲ.

ಈಗ ವಸ್ತುವಿನ ಮಾತು. ಅಂಗಡಿಯಲ್ಲಿ ಬೆನ್ನು ತಿರುಗಿಸಿ ನೋಡಿ: ಕಪ್ಪು ರಾಳ ಅಂಚಿನವರೆಗೂ ಬಿರುಕಿಲ್ಲದೆ ತುಂಬಿರಬೇಕು, ತಂತಿ ಹೊರಬರುವ ಕಡೆ ಅಲುಗಾಡಬಾರದು. ಅಲ್ಲಿ ಸಂದಿದ್ದರೆ ಕಡಲ ತೇವ ಒಳಗೆ ನುಗ್ಗುತ್ತದೆ. ಸೆನ್ಸ್ ತಂತಿಯನ್ನು ಒಳಗೇ ಕೂಡಿಸಿ ಒಂದೇ ಕೆಂಪು ಕೊಟ್ಟಿರುವ ಅಗ್ಗದ ನಕಲುಗಳೂ ಬರುತ್ತವೆ. ಬೆಲೆ ಎಷ್ಟೇ ಕಡಿಮೆಯಿರಲಿ, ಮೂಲದಲ್ಲಿ ಎರಡು ಕೆಂಪು ಇದ್ದ ಇಂಜಿನ್‌ಗೆ ಅವನ್ನು ನಾವು ಶಿಫಾರಸು ಮಾಡುವುದಿಲ್ಲ. ಬದಲಿ ಘಟಕಗಳ ಜೊತೆ ಬರುವ ಲಗ್ಗುಗಳು ತೆಳು. ಅವನ್ನು ಕತ್ತರಿಸಿ, ತವರ ಲೇಪಿಸಿದ ತಾಮ್ರದ ಲಗ್ ಹಾಕಿ, ಮೇಲೆ ಅಂಟು ಇರುವ ಹೀಟ್-ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯುವ) ಕೊಳವೆ ಎಳೆಯಿರಿ.

ಘಟಕದ ಲೋಹದ ಮೈಯೇ ಅದರ ಅರ್ತ್, ಬಿಸಿ ಹೊರಹೋಗುವ ದಾರಿಯೂ ಅದೇ. ಕೂರುವ ಜಾಗದ ಬಣ್ಣವನ್ನು ಹೊಳೆಯುವವರೆಗೆ ಕೆರೆದು, ಬಿಸಿ ದಾಟಿಸುವ ಹೀಟ್‌ಸಿಂಕ್ ಪೇಸ್ಟನ್ನು ತೆಳುವಾಗಿ ಸವರಿ, ಸ್ಟೇನ್‌ಲೆಸ್ ಸ್ಕ್ರೂಗಳಿಂದ ಬಿಗಿಯಿರಿ. ಬಣ್ಣದ ಮೇಲೆಯೇ ಕೂರಿಸಿದ ಘಟಕ ಕಾದು ಕಾದು ಸಾಯುತ್ತದೆ. ಕೆಲಸ ಮುಗಿಸಿ 3000 ಆರ್‌ಪಿಎಂನಲ್ಲಿ ಓಡಿಸಿ, ಬ್ಯಾಟರಿ ತುಂಬಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಅರೆಖಾಲಿ ಬ್ಯಾಟರಿಯಲ್ಲಿ ಕಂಡ 14 ವೋಲ್ಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಟ್ಯಾಕೋಮೀಟರಿನ ಮುಳ್ಳು ಸತ್ತಂತೆ ನಿಂತಿದ್ದರೆ ಬೂದು ತಂತಿಯ ಜೋಡಣೆ ನೋಡಿ, ಅದು ಸರಿಯಿದ್ದರೆ ಘಟಕವನ್ನು ಅಂಗಡಿಗೆ ವಾಪಸ್ ಕೊಡಿ.